ಆರೋಗ್ಯರಕ್ಷೆಯೂ ಗಡಿರೇಖೆಯೂ

ಉಮರ್ಗಾ ತಾಲೂಕಿನ ಗುಂಜೋಟಿಯಲ್ಲಾಗಲಿ, ನಿಲಂಗಾ ಉದಗೀರಗಳ ಕಡೆಯ ಕನ್ನಡ ಮನೆತನಗಳಲ್ಲಾಗಲಿ, ಹಿರಿಯರೊಬ್ಬರಿಗೆ ಎದೆಯ ಬೇನೆ ಕಾಣಿಸಿಕೊಂಡು, ಊರಿನ ವೈದ್ಯರು ನೋಡಿ, ಇದಕ್ಕೆ ದೊಡ್ಡ ದವಾಖಾನೆಯೇ ಆಗಬೇಕೆಂದು ಹೇಳಿದ ಘಳಿಗೆಯಲ್ಲಿ, ಮನೆಯವರ ನಡುವೆ ಏಳುವ ಮೊದಲನೆಯ ಪ್ರಶ್ನೆ ಯಾವ ಊರಿನಲ್ಲಿ ತಮ್ಮ ಕಾರ್ಡು ನಡೆದೀತು ಎಂಬುದೇ ಆಗಿರುತ್ತದೆ. ಕಲಬುರಗಿಯಲ್ಲಿ ಬೀಗರಿದ್ದಾರೆ, ಬಸವಕಲ್ಯಾಣಕ್ಕೆ ಹೆಣ್ಣು ಕೊಟ್ಟಿದೆ, ಬೀದರದಲ್ಲಿ ರೋಗಿಯ ಸಂಕಟವನ್ನು ಅವನ ತಾಯ್ನುಡಿಯಲ್ಲಿಯೇ ಕೇಳಿ ತಿಳಿಯಬಲ್ಲ ವೈದ್ಯರಿದ್ದಾರೆ. ಆದರೆ ರೇಷನ್ ಕಾರ್ಡು ಮಹಾರಾಷ್ಟ್ರದ್ದು, ಆದುದರಿಂದ ಪ್ರಯಾಣವು ಲಾತೂರಿಗೋ ಸೊಲ್ಲಾಪುರಕ್ಕೋ ಆಗತಕ್ಕದ್ದು. ಲಾತೂರು ಸೊಲ್ಲಾಪುರಗಳ ದವಾಖಾನೆಗಳನ್ನು ಕುರಿತು ನನ್ನಲ್ಲಿ ಯಾವ ಅಸಮಾಧಾನವೂ ಇಲ್ಲ. ಅವು ಈ ಪ್ರಾಂತದ ಸಹಸ್ರಾರು ಜೀವಗಳನ್ನು ಉಳಿಸಿವೆ. ನಾನಿಲ್ಲಿ ವಿಚಾರಕ್ಕೆ ತರಬೇಕೆಂದಿರುವುದು ಬೇರೆಯೇ ಒಂದು ಸಂಗತಿ: ರೋಗಿಷ್ಠನಾದ ಮನುಷ್ಯನಿಗೆ ದೊರೆಯುವ ರಕ್ಷಣೆಯನ್ನು ಅವನ ರೋಗವಾಗಲಿ ಅವನ ಬಡತನವಾಗಲಿ ನಿರ್ಣಯಿಸದೆ, ಎಂದೋ ಎಳೆದ ಒಂದು ರೇಖೆಯೂ, ಆಗಾಗ ಬದಲಾಗುವ ಸರ್ಕಾರಗಳ ಮನೋಧರ್ಮವೂ, ನ್ಯಾಯಾಲಯದಲ್ಲಿ ಬಹುಕಾಲ ಬಾಕಿಯಿರುವ ವ್ಯಾಜ್ಯಗಳೂ ನಿರ್ಣಯಿಸುತ್ತಿರುವುದು ನ್ಯಾಯವೇ ಎಂಬುದು.

ಆ ರೇಖೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯ. 1956ರ ನವೆಂಬರ್ 1ರವರೆಗೆ ಈ ಭೂಭಾಗವೆಲ್ಲವೂ ಹೈದರಾಬಾದ್ ರಾಜ್ಯದ ಒಂದೇ ಆಡಳಿತಕ್ಕೆ ಒಳಪಟ್ಟಿದ್ದಿತು. ನಿಲಂಗಾ, ಉದಗೀರ, ಅಹ್ಮದಪುರ ತಾಲೂಕುಗಳು ಬೀದರ ಜಿಲ್ಲೆಯವೇ ಆಗಿದ್ದುವು. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತಿದ್ದ ಆ ಜಿಲ್ಲೆ ಭಾಷಾವಾರು ಪ್ರಾಂತರಚನೆಯ ದಿನ ಒಡೆದು, ಈ ಮೂರು ತಾಲೂಕುಗಳು ಉಸ್ಮಾನಾಬಾದ ಜಿಲ್ಲೆಯ ಮೂಲಕ ಮುಂಬಯಿ ರಾಜ್ಯಕ್ಕೂ, 1960ರ ಮೇ 1ರಂದು ಮಹಾರಾಷ್ಟ್ರಕ್ಕೂ ಸೇರಿದುವು. 1982ರಲ್ಲಿ ಲಾತೂರು ಪ್ರತ್ಯೇಕ ಜಿಲ್ಲೆಯಾದಾಗ ನಿಲಂಗಾ ಉದಗೀರಗಳು ಅದರೊಳಗೆ ಬಂದುವು. ಗುಂಜೋಟಿಯು ಉಮರ್ಗಾ ತಾಲೂಕಿನೊಡನೆ ಉಸ್ಮಾನಾಬಾದದಲ್ಲಿ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯಲ್ಲಿ, ಉಳಿದುಕೊಂಡಿತು. ತಲಮೋಡವನ್ನು ದಾಟಿ ಹೆದ್ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಬಸವಕಲ್ಯಾಣ ತಾಲೂಕು, ದಕ್ಷಿಣಕ್ಕೆ ತಿರುಗಿದರೆ ಆಳಂದ ತಾಲೂಕು; ಹೊಲದ ಮಣ್ಣೂ ತೊಗರಿಯ ಬೆಳೆಯೂ ಎರಡೂ ಕಡೆ ಒಂದೇ. ಆ ರೇಖೆಯನ್ನು ಎಳೆದವರು ಭಾಷೆಯನ್ನೂ ಆಡಳಿತದ ಸೌಕರ್ಯವನ್ನೂ ಆಲೋಚಿಸಿದ್ದರು. ಒಂದಾನೊಂದು ದಿನ ಬಡವನ ಹೃದಯದ ಶಸ್ತ್ರಚಿಕಿತ್ಸೆಗೆ ಸರ್ಕಾರವೇ ಹಣ ತೆರುವುದೆಂದೂ, ಆ ಹಣವು ಈ ರೇಖೆಯ ಬಳಿಗೆ ಬಂದು ನಿಂತುಬಿಡುವುದೆಂದೂ ಆಗ ಆಲೋಚಿಸುವ ಕಾರಣವೇ ಇದ್ದಿಲ್ಲ.

ಆ ದಿನವು 2010ರ ಫೆಬ್ರವರಿಯಲ್ಲಿ ಬಂದಿತು. ಕರ್ನಾಟಕ ಸರ್ಕಾರವು ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯನ್ನು ಆರಂಭಿಸಿ, ರಾಜ್ಯದ ಬೇರೆಲ್ಲ ವಿಭಾಗಗಳಿಗಿಂತ ಮೊದಲು ಗುಲ್ಬರ್ಗಾ ವಿಭಾಗದಲ್ಲಿ ಅದನ್ನು ಜಾರಿಗೆ ತಂದಿತು. ದಾರಿದ್ರ್ಯರೇಖೆಯ ಕೆಳಗಿನ ಕುಟುಂಬಗಳಿಗೆ ಯಾವ ಕಂತನ್ನೂ ಕಟ್ಟಿಸಿಕೊಳ್ಳದೆ, ಹೃದ್ರೋಗ, ಅರ್ಬುದರೋಗ, ಮೂತ್ರಪಿಂಡದ ರೋಗ, ನರರೋಗ, ಸುಟ್ಟ ಗಾಯ, ಅಪಘಾತದ ಆಘಾತ, ನವಜಾತ ಶಿಶುಗಳ ವ್ಯಾಧಿ ಮೊದಲಾದ ದುಬಾರಿಯ ಚಿಕಿತ್ಸೆಗಳನ್ನು ಉಚಿತವಾಗಿ ಒದಗಿಸುವ ಯೋಜನೆಯದು. ಆಳಂದದ ಬಡ ಒಕ್ಕಲಿಗನಿಗೆ ಅದು ದೊರೆಯಿತು, ಬಸವಕಲ್ಯಾಣದ ಕೂಲಿಯವನಿಗೆ ದೊರೆಯಿತು. ಅವರ ಬೀಗನಾದ ಗುಂಜೋಟಿಯವನಿಗೆ ದೊರೆಯಲಿಲ್ಲ. ಮಹಾರಾಷ್ಟ್ರವು ರಾಜೀವ ಗಾಂಧಿ ಜೀವನದಾಯಿ ಆರೋಗ್ಯ ಯೋಜನೆಯನ್ನು ಆರಂಭಿಸಿದುದು 2012ರ ಜುಲೈ 2ರಂದು, ಅದೂ ಎಂಟು ಜಿಲ್ಲೆಗಳಲ್ಲಿ ಮಾತ್ರ. ಸೊಲ್ಲಾಪುರ, ನಾಂದೇಡಗಳು ಆ ಎಂಟರಲ್ಲಿ ಸೇರಿದ್ದುವು; ಉಸ್ಮಾನಾಬಾದ, ಲಾತೂರುಗಳು ಸೇರಿರಲಿಲ್ಲ. ಇವುಗಳಿಗೆ ಆ ಭಾಗ್ಯ ಒದಗಿದುದು 2013ರ ನವೆಂಬರ್ 21ರಂದು ಯೋಜನೆಯು ಇಡೀ ರಾಜ್ಯಕ್ಕೆ ವಿಸ್ತಾರಗೊಂಡಾಗ. ಹೀಗೆ, ಪೂರ್ವಕ್ಕೂ ದಕ್ಷಿಣಕ್ಕೂ ಕರ್ನಾಟಕದ ರಕ್ಷಣೆ, ಪಶ್ಚಿಮಕ್ಕೆ ಸೊಲ್ಲಾಪುರದ ರಕ್ಷಣೆ, ನಡುವೆ ನಮ್ಮ ತಾಲೂಕುಗಳು ಇಂತಹ ರಕ್ಷಣೆಯಿಲ್ಲದೆ ಉಳಿದ ಒಂದು ಕಾಲವಿದ್ದಿತು. ಕರ್ನಾಟಕದ ಆರಂಭದಿಂದ ಎಣಿಸಿದರೆ ಆ ಅವಧಿ ಮೂರು ವರ್ಷ ಒಂಬತ್ತು ತಿಂಗಳು.

ಇಂತಹ ವಿಳಂಬದ ಬೆಲೆಯೇನೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಇದೇ ಆರೋಗ್ಯಶ್ರೀ ಯೋಜನೆಯನ್ನು ಕುರಿತು ನಡೆದ ಒಂದು ಸಂಶೋಧನೆಯು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಸಂಶೋಧಕರು ಕರ್ನಾಟಕದೊಳಗೇ, ಯೋಜನೆಯು ಜಾರಿಗೆ ಬಂದಿದ್ದ ವಿಭಾಗದ ಅಂಚಿನ 300 ಗ್ರಾಮಗಳನ್ನೂ, ಇನ್ನೂ ಜಾರಿಗೆ ಬಾರದಿದ್ದ ಪಕ್ಕದ ವಿಭಾಗದ 272 ಗ್ರಾಮಗಳನ್ನೂ ಆರಿಸಿಕೊಂಡು, ಆಚೀಚಿನ ಮನೆಗಳನ್ನು ಹೋಲಿಸಿ ನೋಡಿದರು. ಯೋಜನೆಯ ವ್ಯಾಪ್ತಿಗೆ ಬರುವ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಮರಣದ ಪ್ರಮಾಣವು ಯೋಜನೆಯಿದ್ದ ಕಡೆ ನೂರಕ್ಕೆ 0.32, ಇಲ್ಲದಿದ್ದ ಕಡೆ ನೂರಕ್ಕೆ 0.90 ಎಂದು ಅವರು ಕಂಡುಕೊಂಡರು. ಆಸ್ಪತ್ರೆಗಾಗಿ ಜನ ಕೈಯಿಂದ ತೆತ್ತ ಹಣವೂ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಗಿದ್ದಿತು. ಒಂದೇ ಅಧ್ಯಯನವನ್ನು ಹಿಡಿದು ಸರ್ವವನ್ನೂ ಸಿದ್ಧಾಂತಗೊಳಿಸುವುದು ಸರಿಯಲ್ಲವಾದರೂ, ಒಂದೇ ನೀರು ಕುಡಿದು ಒಂದೇ ರೊಟ್ಟಿ ತಿನ್ನುವ ಜನರ ನಡುವೆ ಆಡಳಿತದ ಒಂದು ಗೆರೆಯು ಸಾವು ಬದುಕುಗಳ ಲೆಕ್ಕವನ್ನೇ ಇಷ್ಟು ಮಾರ್ಪಡಿಸಬಲ್ಲುದೆಂದರೆ, ಆ ಗೆರೆಯ ವಿಷಯದಲ್ಲಿ ಉದಾಸೀನರಾಗಿರುವುದು ಯಾವ ಸರ್ಕಾರಕ್ಕೂ ಶೋಭಿಸುವುದಿಲ್ಲ.

ಈ ತೊಡಕಿನ ಬೇರು ನಮ್ಮ ಸಂವಿಧಾನದಲ್ಲಿಯೇ ಇರುವುದು. ಏಳನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯವೂ ಆಸ್ಪತ್ರೆಗಳೂ ರಾಜ್ಯಪಟ್ಟಿಯ 6ನೆಯ ವಿಷಯ; ವಿಮೆಯು ಕೇಂದ್ರಪಟ್ಟಿಯ 47ನೆಯ ವಿಷಯ. ಬಡವರ ಆರೋಗ್ಯವಿಮೆಯು ಈ ಎರಡು ಅಧಿಕಾರಗಳ ಸಂಧಿಯಲ್ಲಿ ನಿಂತಿದೆ. ಅದರ ಹಣದಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಪಾಲು, ಕೀರ್ತಿಯಲ್ಲಿಯೂ ಇಬ್ಬರಿಗೂ ಪಾಲು ಬೇಕು. ಕೀರ್ತಿಯ ಪಾಲಿನಲ್ಲಿ ಒಮ್ಮತ ಮೂಡದಿದ್ದಾಗ ರೋಗಿಯು ಕಾಯಬೇಕು.

ಇದು ನಮ್ಮೊಬ್ಬರ ಸಂಕಟವಲ್ಲ. ಸಂಪತ್ತಿನಲ್ಲಿ ನಮಗಿಂತ ಎಷ್ಟೋ ಮುಂದಿರುವ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ವ್ಯಥೆಯು ದೊಡ್ಡ ಪ್ರಮಾಣದಲ್ಲಿ ನಡೆದುಕೊಂಡು ಬಂದಿದೆ. ನಮ್ಮವರು ಅನೇಕರು ಅಲ್ಲಿಗೆ ಉದ್ಯೋಗಕ್ಕೆ ಹೋಗಿ ನೆಲೆಸಿರುವುದರಿಂದಲೂ, ಅಲ್ಲಿಯ ಅನುಭವದಲ್ಲಿ ನಮಗೊಂದು ಪಾಠವಿರುವುದರಿಂದಲೂ ಅದನ್ನು ತುಸು ವಿಸ್ತಾರವಾಗಿ ನೋಡುವೆನು. ಅಲ್ಲಿ ದುಡಿಯುವ ವಯಸ್ಸಿನವರ ವಿಮೆಯು ಬಹುಮಟ್ಟಿಗೆ ಉದ್ಯೋಗದಾತನ ಮೂಲಕವೇ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರವು ಸಂಬಳದ ಏರಿಕೆಗೆ ಕಡಿವಾಣ ಹಾಕಿದಾಗ, ಕೆಲಸಗಾರರನ್ನು ಸೆಳೆಯಲು ಕಾರಖಾನೆಗಳು ವಿಮೆಯನ್ನು ಕೊಡತೊಡಗಿದುವು. ಯುದ್ಧವು ಮುಗಿದರೂ ಪದ್ಧತಿಯು ಮುಗಿಯಲಿಲ್ಲ, ಮುಂದೆ ತೆರಿಗೆಯ ಕಾಯಿದೆಯೂ ಅದಕ್ಕೆ ಬೆಂಬಲವಾಯಿತು. ಅದರ ಫಲವಾಗಿ, ಕೆಲಸ ಕಳೆದುಕೊಂಡವನು ಬಹುತೇಕ ಅದೇ ಹೊತ್ತಿಗೆ ಔಷಧೋಪಚಾರದ ಆಸರೆಯನ್ನೂ ಕಳೆದುಕೊಳ್ಳುವನು. ಅಲ್ಲಿರುವ ಕನ್ನಡ ಕುಟುಂಬಗಳಿಗೆ ಈ ಭಯವು ಅಪರಿಚಿತವಲ್ಲ. 1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ನರು ಅಂಕಿತ ಹಾಕಿದ ಶಾಸನದಿಂದ ವೃದ್ಧರಿಗೆ ಮೆಡಿಕೇರ್ ಎಂಬ, ಬಡವರಿಗೆ ಮೆಡಿಕೇಡ್ ಎಂಬ ಎರಡು ಸರ್ಕಾರಿ ವ್ಯವಸ್ಥೆಗಳು ಹುಟ್ಟಿದುವು. ಇವುಗಳಲ್ಲಿ ಮೆಡಿಕೇಡ್ ನಮ್ಮ ಯೋಜನೆಗಳಂತೆಯೇ ಇಮ್ಮುಖವಾದುದು: ಹಣವನ್ನು ಕೇಂದ್ರವೂ ರಾಜ್ಯಗಳೂ ಹಂಚಿಕೊಳ್ಳುವುವು, ನಡೆಸುವ ಭಾರವು ರಾಜ್ಯಗಳದು.

2010ರ ಮಾರ್ಚ್ 23ರಂದು ಬರಾಕ್ ಒಬಾಮಾ ಅವರ ಅಂಕಿತ ಪಡೆದ ಅಫೋರ್ಡಬಲ್ ಕೇರ್ ಆಕ್ಟ್ ಎಂಬ ಕಾಯಿದೆಯು, ವಿಮೆಯಿಲ್ಲದವರಿಗೆ ವಿಮೆ ಒದಗಿಸುವ ಉದ್ದೇಶದಿಂದ ಎರಡು ಮಾರ್ಗಗಳನ್ನು ಹಿಡಿದಿದ್ದಿತು: ಶಕ್ತರಾದವರೆಲ್ಲರೂ ವಿಮೆ ಮಾಡಿಸತಕ್ಕದ್ದು, ಇಲ್ಲವೆ ದಂಡ ತೆರತಕ್ಕದ್ದು ಎಂಬುದೊಂದು, ದಾರಿದ್ರ್ಯರೇಖೆಯ ಶೇಕಡ 138ರವರೆಗೆ ವರಮಾನವಿರುವ ಬಡವರೆಲ್ಲರನ್ನೂ ರಾಜ್ಯಗಳು ಮೆಡಿಕೇಡಿನೊಳಗೆ ಸೇರಿಸಿಕೊಳ್ಳತಕ್ಕದ್ದು ಎಂಬುದು ಇನ್ನೊಂದು. ಇಪ್ಪತ್ತಾರು ರಾಜ್ಯಗಳು ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದುವು. 2012ರ ಜೂನ್ 28ರಂದು ಅಲ್ಲಿಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಜಾನ್ ರಾಬರ್ಟ್ಸ್ ಅವರು ಬರೆದ ತೀರ್ಪಿನಿಂದ, ಐದಕ್ಕೆ ನಾಲ್ಕರ ಬಹುಮತದಲ್ಲಿ, ಮೊದಲನೆಯ ಮಾರ್ಗವು ಒಂದು ತೆರಿಗೆಯೆಂಬ ಕಾರಣಕ್ಕೆ ಉಳಿಯಿತು. ಎರಡನೆಯದರ ಗತಿ ಬೇರೆಯಾಯಿತು. ಒಪ್ಪದ ರಾಜ್ಯಕ್ಕೆ ಹಳೆಯ ಮೆಡಿಕೇಡಿನ ಹಣವನ್ನೂ ನಿಲ್ಲಿಸುವೆನೆಂದು ಕೇಂದ್ರವು ಬೆದರಿಸುವುದು ಬಲಾತ್ಕಾರವೆಂದು ಒಂಬತ್ತರಲ್ಲಿ ಏಳು ಮಂದಿ ನ್ಯಾಯಾಧೀಶರು ಅಭಿಪ್ರಾಯಪಟ್ಟುದರಿಂದ, ಬಡವರನ್ನು ಸೇರಿಸಿಕೊಳ್ಳುವುದೂ ಬಿಡುವುದೂ ಆಯಾ ರಾಜ್ಯದ ಇಚ್ಛೆಗೆ ಸೇರಿದ ವಿಷಯವಾಗಿ ಪರಿಣಮಿಸಿತು. ರಾಜ್ಯಗಳ ಸ್ವಾತಂತ್ರ್ಯವನ್ನು ಕಾಯುವುದು ಸಾಧುವಾದ ತತ್ತ್ವವೇ ಇರಬಹುದು. ಆದರೆ ಆ ತತ್ತ್ವದ ಹೊರೆಯನ್ನು ಹೊತ್ತವರು ರಾಜ್ಯಪಾಲರಾಗಲಿ ಶಾಸಕರಾಗಲಿ ಆಗಿರಲಿಲ್ಲ. ಕಾಯಿದೆ ಬಂದು ಹದಿನೈದು ವರ್ಷ ಕಳೆದ ಮೇಲೂ ಟೆಕ್ಸಾಸ್ ಫ್ಲಾರಿಡಾಗಳೂ ಸೇರಿ ಹತ್ತು ರಾಜ್ಯಗಳು ಈ ವಿಸ್ತರಣೆಯನ್ನು ಒಪ್ಪದೆ ಉಳಿದಿದ್ದುವು.

ಕ್ಯಾನ್ಸಾಸ್ ಸಿಟಿಯ ಸಂಗತಿಯನ್ನು ಗಡಿನಾಡಿನವರಾದ ನಾವು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಆ ಮಹಾನಗರವು ಎರಡು ರಾಜ್ಯಗಳ ಮೇಲೆ ಹಬ್ಬಿಕೊಂಡಿದೆ. ಸ್ಟೇಟ್ ಲೈನ್ ರೋಡ್ ಎಂಬ ಬೀದಿಯ ಒಂದು ಪಕ್ಕವು ಮಿಸ್ಸೌರಿ, ಇನ್ನೊಂದು ಪಕ್ಕವು ಕ್ಯಾನ್ಸಾಸ್. 2020ರ ಆಗಸ್ಟಿನಲ್ಲಿ ಮಿಸ್ಸೌರಿಯ ಮತದಾರರು ಜನಮತದ ಮೂಲಕ ಮೆಡಿಕೇಡಿನ ವಿಸ್ತರಣೆಯನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಶಾಸನಸಭೆಯು ಅದಕ್ಕೆ ಹಣ ಮಂಜೂರು ಮಾಡಲು ನಿರಾಕರಿಸಿತು. ವ್ಯಾಜ್ಯವು ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಿ, 2021ರ ಜುಲೈಯಲ್ಲಿ ಜನರ ನಿರ್ಣಯವೇ ನಿಲ್ಲತಕ್ಕದ್ದೆಂದು ನ್ಯಾಯಾಧೀಶರು ಏಕಮತದಿಂದ ತೀರ್ಪಿತ್ತ ಮೇಲೆಯೇ ಬಡವರಿಗೆ ಬಾಗಿಲು ತೆರೆಯಿತು. ಬೀದಿಯ ಆಚೆಯ ಕ್ಯಾನ್ಸಾಸಿನಲ್ಲಿ 2017ರಲ್ಲಿ ಶಾಸಕರು ಒಪ್ಪಿದಾಗ ರಾಜ್ಯಪಾಲರು ತಡೆದರು, ಮುಂದೆ ರಾಜ್ಯಪಾಲರು ಒಪ್ಪಿದಾಗ ಶಾಸಕರು ತಡೆದರು. ಹೀಗಾಗಿ ಮಕ್ಕಳಿಲ್ಲದ ಒಬ್ಬ ದುಡಿಯುವ ವಯಸ್ಸಿನ ಬಡವನು ಬೀದಿಯ ಈ ಬದಿಯಲ್ಲಿ ಬಾಡಿಗೆಗಿದ್ದರೆ ರಕ್ಷಿತ, ಆ ಬದಿಯಲ್ಲಿದ್ದರೆ ಅರಕ್ಷಿತ. ಆಳಂದ ಮತ್ತು ಗುಂಜೋಟಿಗಳ ನಡುವೆ 2010ರಲ್ಲಿ ಇದ್ದ ಅಂತರವು ಇದೇ ಅಲ್ಲವೆ?

ಕೇಂದ್ರದ ಕಾಯಿದೆಯೂ ಅಲ್ಲಿ ನಿಶ್ಚಿಂತೆಯಿಂದ ಬಾಳಲಿಲ್ಲ. 2015ರಲ್ಲಿ ಅದರ ಒಂದು ವಾಕ್ಯಖಂಡದ ಅರ್ಥವನ್ನು ಹಿಡಿದು ಲಕ್ಷಾಂತರ ಜನರ ಸಹಾಯಧನವನ್ನೇ ರದ್ದುಗೊಳಿಸಬೇಕೆಂಬ ವಾದವು ಸುಪ್ರೀಂ ಕೋರ್ಟಿನವರೆಗೆ ಹೋಗಿ ಆರಕ್ಕೆ ಮೂರರಿಂದ ತಿರಸ್ಕೃತವಾಯಿತು. 2017ರ ಜುಲೈಯಲ್ಲಿ ಕಾಯಿದೆಯ ಬುಡಕ್ಕೇ ಕೊಡಲಿಯಿಡುವ ಮಸೂದೆಯು ಸೆನೆಟಿನಲ್ಲಿ 51ಕ್ಕೆ 49ರಿಂದ ಬಿದ್ದುಹೋಯಿತು; ಅದನ್ನು ವಿರೋಧಿಸಿದ ಮೂವರು ರಿಪಬ್ಲಿಕನ್ನರಲ್ಲಿ ಆಗತಾನೇ ಮಿದುಳಿನ ಅರ್ಬುದದಿಂದ ಪೀಡಿತರಾಗಿದ್ದ ಜಾನ್ ಮೆಕೇನ್ ಒಬ್ಬರು. ಅದೇ ವರ್ಷದ ಕೊನೆಯಲ್ಲಿ ದಂಡವನ್ನು ಸೊನ್ನೆಗೆ ಇಳಿಸಲಾಯಿತು. ದಂಡವಿಲ್ಲದ ಮೇಲೆ ತೆರಿಗೆಯೆಲ್ಲಿ, ತೆರಿಗೆಯಿಲ್ಲದ ಮೇಲೆ ಕಾಯಿದೆಯೆಲ್ಲಿ ಎಂದು ಹೂಡಿದ ಇನ್ನೊಂದು ವ್ಯಾಜ್ಯವನ್ನು 2021ರ ಜೂನ್‌ನಲ್ಲಿ, ವಾದಿಗಳಿಗೆ ದಾವೆ ಹೂಡುವ ಅಧಿಕಾರವಿಲ್ಲವೆಂಬ ಕಾರಣದಿಂದ, ನ್ಯಾಯಾಲಯವು ತಳ್ಳಿಹಾಕಿತು. 2025ರ ಅಕ್ಟೋಬರ್ 1ರಿಂದ 43 ದಿನ ಆ ದೇಶದ ಕೇಂದ್ರ ಸರ್ಕಾರದ ಕಾರ್ಯವೇ ಸ್ತಬ್ಧವಾಗಿದ್ದುದಕ್ಕೆ ವಿಮೆಯ ಸಹಾಯಧನವನ್ನು ಮುಂದುವರಿಸಬೇಕೆ ಬೇಡವೆ ಎಂಬ ಜಗಳವೇ ಮುಖ್ಯ ಕಾರಣ. ವಿಮೆಯಿಲ್ಲದವರ ಸಂಖ್ಯೆಯನ್ನು ಆ ಕಾಯಿದೆಯು ಸರಿಸುಮಾರು ಅರ್ಧಕ್ಕೆ ಇಳಿಸಿತೆಂಬುದು ನಿಜ. ಆದರೆ ದೀರ್ಘಕಾಲದ ಚಿಕಿತ್ಸೆಯ ಮೇಲೆ ಬದುಕುವ ರೋಗಿಯೊಬ್ಬನು ಮುಂದಿನ ಚುನಾವಣೆಯನ್ನೂ ಮುಂದಿನ ತೀರ್ಪನ್ನೂ ಕಾದು ನೋಡುತ್ತ ಬದುಕಬೇಕಾಗಿರುವುದು ಆರೋಗ್ಯರಕ್ಷಣೆಯೆನ್ನಿಸಿಕೊಳ್ಳಲಾರದು.

ನಮ್ಮಲ್ಲಿ ನ್ಯಾಯಾಲಯಕ್ಕಿಂತ ಹೆಚ್ಚಾಗಿ ಸರ್ಕಾರಗಳ ಬದಲಾವಣೆಯೇ ಈ ಅನಿಶ್ಚಯವನ್ನು ತಂದಿದೆ. ಕರ್ನಾಟಕದ ಸಹಕಾರಿ ಸಂಘಗಳ ರೈತರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿಯನ್ನು, ದೇಶವೆಲ್ಲ ಬಂದು ನೋಡಿ ಮೆಚ್ಚಿದ ಆ ಯೋಜನೆಯನ್ನು, 2018ರಲ್ಲಿ ಆರೋಗ್ಯ ಕರ್ನಾಟಕವೆಂಬ ಹೊಸ ಯೋಜನೆಯಲ್ಲಿ ವಿಲೀನಗೊಳಿಸಿ ನಿಲ್ಲಿಸಿದರು. 2022ರಲ್ಲಿ ಮತ್ತೆ ಎಬ್ಬಿಸಿದರು. ವಾಜಪೇಯಿಯವರ ಹೆಸರಿನದೂ ಅದೇ 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಕರಗಿತು. ಮಹಾರಾಷ್ಟ್ರದಲ್ಲಿ ರಾಜೀವ ಗಾಂಧಿಯವರ ಹೆಸರಿದ್ದ ಯೋಜನೆಯು 2017ರಲ್ಲಿ ಮಹಾತ್ಮಾ ಜೋತಿರಾವ ಫುಲೆ ಜನಾರೋಗ್ಯ ಯೋಜನೆಯಾಯಿತು. ಪಶ್ಚಿಮ ಬಂಗಾಳವು ಆಯುಷ್ಮಾನ್ ಭಾರತವೆಂಬ ಕೇಂದ್ರದ ಆರೋಗ್ಯವಿಮೆಯಿಂದ 2019ರ ಜನವರಿಯಲ್ಲಿ ಹೊರಬಂದಿತು. ದೆಹಲಿಯಲ್ಲಿ ಅದೇ ಹೆಸರಿನ ಆರೋಗ್ಯ ಮೂಲಸೌಕರ್ಯ ಯೋಜನೆಯ ಒಪ್ಪಂದಕ್ಕೆ ಸಹಿ ಹಾಕಬೇಕೆಂದು 2024ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಆದೇಶವಿತ್ತಿತು, ಮರುತಿಂಗಳು ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಹಿಡಿಯಿತು, ಅದರ ಮುಂದಿನ ತಿಂಗಳ ಚುನಾವಣೆಯಲ್ಲಿ ಸರ್ಕಾರ ಬದಲಾಗಿ, ಏಪ್ರಿಲಿನಲ್ಲಿ ಹೊಸ ಸರ್ಕಾರವು ಸಹಿ ಹಾಕಿತು. ನಾಲ್ಕು ತಿಂಗಳೊಳಗೆ ಇಷ್ಟು ತಿರುವುಗಳು. ಇದರಲ್ಲಿ ರೋಗಿಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ಆದರೂ ಮಹಾರಾಷ್ಟ್ರವು ನಮ್ಮ ಭಾಗಕ್ಕೆ ಮಾಡಿದ ಉಪಕಾರವನ್ನು ಕೃತಜ್ಞತೆಯಿಂದ ಹೇಳದಿದ್ದರೆ ಈ ಬರಹವು ಅಪೂರ್ಣವಾಗುವುದು. ಹಳದಿ ಮತ್ತು ಕೇಸರಿ ರೇಷನ್ ಕಾರ್ಡಿನವರಿಗೆ ಮೀಸಲಾಗಿದ್ದ ಯೋಜನೆಯೊಳಗೆ, ರೈತರ ಆತ್ಮಹತ್ಯೆಗಳಿಂದ ತತ್ತರಿಸಿದ ಹದಿನಾಲ್ಕು ಜಿಲ್ಲೆಗಳ ಬಿಳಿ ಕಾರ್ಡಿನ ರೈತರನ್ನೂ ಸಾತಬಾರಾ ಉತಾರವೆಂಬ ಜಮೀನಿನ ದಾಖಲೆಯ ಆಧಾರದ ಮೇಲೆ ಆ ರಾಜ್ಯವು ಸೇರಿಸಿಕೊಂಡಿತು. ಧಾರಾಶಿವವೂ ಲಾತೂರೂ ಆ ಹದಿನಾಲ್ಕರಲ್ಲಿವೆ. ಭೂಮಿಯುಳ್ಳವನೆಂಬ ಹೆಸರಿಗೆ ಮಾತ್ರ ಸ್ಥಿತಿವಂತನಾಗಿ, ಮಳೆ ಬಾರದ ವರ್ಷ ಕೂಲಿಯವನಿಗಿಂತ ಕಡೆಯಾಗುವ ಮರಾಠವಾಡೆಯ ರೈತನ ಸ್ಥಿತಿಯನ್ನು ಅರಿತು ಮಾಡಿದ ಕೆಲಸವದು. 2023ರ ಜುಲೈ 28ರ ನಿರ್ಣಯದಂತೆ, 2024ರ ಜುಲೈ 1ರಿಂದ ಕಾರ್ಡಿನ ಬಣ್ಣದ ಭೇದವನ್ನೇ ತೆಗೆದು ರಾಜ್ಯದ ಸಮಸ್ತ ಕುಟುಂಬಗಳಿಗೂ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ರಕ್ಷಣೆಯನ್ನು ವಿಸ್ತರಿಸಿದರು. ಅಲ್ಲಿಯವರೆಗೆ ಅದು ಒಂದೂವರೆ ಲಕ್ಷಕ್ಕೆ ಸೀಮಿತವಾಗಿದ್ದಿತು. ಈ ವಿಷಯದಲ್ಲಿ ಇಂದು ಗುಂಜೋಟಿಯವನ ಕಾರ್ಡು ಆಳಂದದವನ ಕಾರ್ಡಿಗಿಂತ ಉದಾರವಾದುದೆಂದೇ ಹೇಳಬೇಕು; ಏತಕ್ಕೆಂದರೆ ಕರ್ನಾಟಕದಲ್ಲಿ ಬಡತನದ ರೇಖೆಯ ಮೇಲಿರುವ ಕುಟುಂಬಕ್ಕೆ ನಿಗದಿತ ದರದ ಶೇಕಡ 30ರಷ್ಟನ್ನು ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ, ಸರ್ಕಾರವು ಕೊಡುವ ನಿಯಮವಿದೆ.

ಕೊರತೆಯಿರುವುದು ಕಾರ್ಡಿನ ಮೊತ್ತದಲ್ಲಿಲ್ಲ, ಅದು ಸಲ್ಲುವ ಸ್ಥಳದಲ್ಲಿ. 2018ರ ಸೆಪ್ಟೆಂಬರ್ 23ರಂದು ರಾಂಚಿಯಲ್ಲಿ ಉದ್ಘಾಟನೆಗೊಂಡ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯು, ಅದರ ಫಲಾನುಭವಿಯು ದೇಶದ ಯಾವುದೇ ರಾಜ್ಯದ ನೋಂದಾಯಿತ ದವಾಖಾನೆಯಲ್ಲಿ ಚಿಕಿತ್ಸೆ ಪಡೆಯಬಹುದೆಂದು ಸಾರಿತು. ಆದರೆ ಕೇಂದ್ರದ ಫಲಾನುಭವಿಗಳನ್ನು ಮೊದಲು ಆರಿಸಿದುದು 2011ರ ಸಾಮಾಜಿಕ ಆರ್ಥಿಕ ಗಣತಿಯ ಪಟ್ಟಿಯಿಂದ. ಆ ಪಟ್ಟಿಯಲ್ಲಿಲ್ಲದೆ, ರಾಜ್ಯವು ತನ್ನ ಹಣದಿಂದ ಸೇರಿಸಿಕೊಂಡ ಕುಟುಂಬದ ರಕ್ಷಣೆಯು ಸಾಮಾನ್ಯವಾಗಿ ಆ ರಾಜ್ಯದ ಸೀಮೆಯೊಳಗೇ ನಿಲ್ಲುತ್ತದೆ. ಬಿಳಿ ಕಾರ್ಡಿನ ರೈತನು ಈ ಎರಡನೆಯ ವರ್ಗದವನು. ಕರ್ನಾಟಕದಲ್ಲಿಯಾದರೋ ಖಾಸಗಿ ದವಾಖಾನೆಗೆ ಹೋಗಬೇಕಾದರೆ, ತುರ್ತಿನ ಸಂದರ್ಭವೊಂದನ್ನು ಬಿಟ್ಟು, ಮೊದಲು ಅಲ್ಲಿಯ ಸರ್ಕಾರಿ ದವಾಖಾನೆಯಿಂದ ಶಿಫಾರಸು ಪತ್ರ ಪಡೆಯಬೇಕೆಂಬ ವಿಧಿಯಿದೆ. ಈ ಸೂಕ್ಷ್ಮಗಳೆಲ್ಲ ದವಾಖಾನೆಯಲ್ಲಿ ಯೋಜನೆಯ ನೆರವಿಗೆಂದು ಕೂತಿರುವ ಆರೋಗ್ಯಮಿತ್ರರ ಮೇಜಿನ ಮುಂದೆ, ರೋಗಿಯನ್ನು ಸ್ಟ್ರೆಚರಿನ ಮೇಲೆ ಮಲಗಿಸಿದ ಹೊತ್ತಿನಲ್ಲಿ ತಿಳಿದುಬರತಕ್ಕವು. 2024ರ ಅಕ್ಟೋಬರ್ 29ರಿಂದ 70 ವರ್ಷ ತುಂಬಿದ ಎಲ್ಲರಿಗೂ ಕೇಂದ್ರದ ಕಾರ್ಡನ್ನೇ ಕೊಡತೊಡಗಿರುವುದರಿಂದ ನಮ್ಮ ಮುದುಕರಿಗೆ ಈ ತೊಡಕು ತಕ್ಕಮಟ್ಟಿಗೆ ಸಡಿಲವಾಗಿದೆಯೆಂಬುದು ಸಮಾಧಾನದ ಸಂಗತಿ. ಗಡಿಯ ಹಳ್ಳಿಗಳಲ್ಲಿ ಎಪ್ಪತ್ತು ತುಂಬಿದ ತಂದೆತಾಯಿಗಳುಳ್ಳವರು ಆ ಕಾರ್ಡನ್ನು ತಪ್ಪದೆ ಮಾಡಿಸಿಡಬೇಕು.

ರೇಖೆಯಾಚೆಗೆ ರಕ್ಷಣೆಯನ್ನು ಒಯ್ಯುವುದು ಅಸಾಧ್ಯವೆಂದು ಯಾರಾದರೂ ಹೇಳಿದರೆ, ಅದಕ್ಕೆ ಉತ್ತರವನ್ನು ಮಹಾರಾಷ್ಟ್ರವೇ ಕೊಟ್ಟಿದೆ. ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿಗಳೂ ಸೇರಿ ಕರ್ನಾಟಕದ 865 ಊರುಗಳು ತನಗೆ ಸಲ್ಲಬೇಕೆಂದು 2022ರ ಡಿಸೆಂಬರ್ 27ರಂದು ಆ ರಾಜ್ಯದ ಶಾಸನಸಭೆಯು ನಿರ್ಣಯ ಸ್ವೀಕರಿಸಿದ ಹಿಂದೆಯೇ, 2023ರಲ್ಲಿ ಅಲ್ಲಿಯ ಸರ್ಕಾರವು ತನ್ನ ಫುಲೆ ಯೋಜನೆಯನ್ನು ಆ 865 ಊರುಗಳಿಗೂ ವಿಸ್ತರಿಸಿ, ಅದಕ್ಕಾಗಿ 54 ಕೋಟಿ ರೂಪಾಯಿಗಳನ್ನು ತೆಗೆದಿರಿಸಿತು. ಆಗ ಮುಖ್ಯಮಂತ್ರಿಗಳಾಗಿದ್ದ ಬಸವರಾಜ ಬೊಮ್ಮಾಯಿಯವರು ಇದನ್ನು ಖಂಡಿಸಿದರು. ಅವರ ನಂತರ ಬಂದ ಸರ್ಕಾರವೂ ಒಪ್ಪಲಿಲ್ಲ. ಸೀಮೆಯ ಮೂಲ ವ್ಯಾಜ್ಯವು, ಮಹಾರಾಷ್ಟ್ರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆಯು, ಎರಡು ದಶಕಗಳಾದರೂ ಇತ್ಯರ್ಥವಾಗದೆ ಇದೆ. ಆ ದಾವೆಯ ನ್ಯಾಯಾನ್ಯಾಯವನ್ನು ಇಲ್ಲಿ ವಿಮರ್ಶಿಸುವುದು ನನ್ನ ಉದ್ದೇಶವಲ್ಲ. ಸೀಮೆಯ ಪ್ರಶ್ನೆಯ ಮೇಲಿನ 1967ರ ಮಹಾಜನ ಆಯೋಗದ ವರದಿಯನ್ನು ಕುರಿತು ಕನ್ನಡಿಗರೆಲ್ಲರಿಗೂ ಇರುವ ಅಭಿಪ್ರಾಯವೇ ನನ್ನದು. ಆದರೆ ಔಷಧೋಪಚಾರವನ್ನು ಭೂಮಿಯ ಹಕ್ಕುಸಾಧನೆಗೆ ಸಾಧನವಾಗಿ ಬಳಸುವುದನ್ನೂ, ಮರಾಠಿ ಮಾತನಾಡುವವರಿಗೆಂದು ಭಾಷೆಯ ಗುರುತಿನ ಮೇಲೆ ಅದನ್ನು ಹಂಚುವುದನ್ನೂ ನಾನು ಒಪ್ಪಲಾರೆ. ಅದರಂತೆಯೇ, ತನ್ನ ಪ್ರಜೆಯೊಬ್ಬನಿಗೆ ಪಕ್ಕದ ರಾಜ್ಯದ ಹಣದಿಂದ ಶಸ್ತ್ರಚಿಕಿತ್ಸೆಯಾದರೆ ತನ್ನ ಸಾರ್ವಭೌಮತೆಗೆ ಕುಂದು ಬಂದಿತೆಂದು ಭಾವಿಸುವ ಸರ್ಕಾರದ ನಿಲುವೂ ನನಗೆ ಹಿಡಿಸುವುದಿಲ್ಲ. ಇದಕ್ಕೆ ಪ್ರತಿಯಾಗಿ ಕರ್ನಾಟಕವು ಜತ್ತ, ಅಕ್ಕಲಕೋಟೆ, ಉಮರ್ಗಾಗಳ ಕನ್ನಡಿಗರಿಗೆ ಮಾತ್ರ ಅಂತಹುದೇ ಒಂದು ಯೋಜನೆಯನ್ನು ಘೋಷಿಸಲಿ ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಬೇಡ. ಗುಂಜೋಟಿಯ ಓಣಿಯಲ್ಲಿ ಪಕ್ಕದ ಮನೆಯ ಮರಾಠಿ ಹೆಣ್ಣುಮಗಳನ್ನು ಬಿಟ್ಟು ನನಗೊಬ್ಬನಿಗೆ ದೊರೆಯುವ ಔಷಧಿಯನ್ನು ನಾನು ಯಾವ ಮುಖದಿಂದ ತೆಗೆದುಕೊಳ್ಳಲಿ?

ನಮ್ಮ ದೇಶದ ನ್ಯಾಯಾಲಯಗಳು ಈ ವಿಷಯದಲ್ಲಿ ಶಾಸಕರಿಗಿಂತ ಸ್ಪಷ್ಟವಾದ ದಾರಿಯನ್ನು ತೋರಿವೆಯೆಂದು ನನ್ನ ಭಾವನೆ. 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ತಿಂದ ಬಂಗಾಳದ ಒಬ್ಬ ಕೃಷಿಕಾರ್ಮಿಕನನ್ನು ಕಲಕತ್ತೆಯ ಸರ್ಕಾರಿ ಆಸ್ಪತ್ರೆಗಳು ಒಂದರ ಮೇಲೊಂದು ಹಿಂದಕ್ಕೆ ಕಳುಹಿಸಿ, ಕೊನೆಗೆ ಆತನು ಖಾಸಗಿ ಆಸ್ಪತ್ರೆಯಲ್ಲಿ 17,000 ರೂಪಾಯಿ ಖರ್ಚು ಮಾಡಿ ಬದುಕಿದ ಪ್ರಕರಣದಲ್ಲಿ, 1996ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು, ತುರ್ತು ಚಿಕಿತ್ಸೆಯನ್ನು ನಿರಾಕರಿಸುವುದು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿಗೆ ಭಂಗವೆಂದೂ, ಹಣವಿಲ್ಲವೆಂಬ ಕಾರಣದಿಂದ ಸರ್ಕಾರವು ಈ ಕರ್ತವ್ಯದಿಂದ ತಪ್ಪಿಸಿಕೊಳ್ಳಲಾಗದೆಂದೂ ತೀರ್ಮಾನಿಸಿ, ಆತನಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ದೆಹಲಿಯ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯ ಬಹುಭಾಗವನ್ನು ದೆಹಲಿಯ ನಿವಾಸಿಗಳಿಗೇ ಕಾದಿರಿಸುವ ಆಜ್ಞೆಯನ್ನು 2018ರ ಅಕ್ಟೋಬರ್ 12ರಂದು ಅಲ್ಲಿಯ ಉಚ್ಚ ನ್ಯಾಯಾಲಯವು ಸಮಾನತೆಗೂ ಜೀವಿಸುವ ಹಕ್ಕಿಗೂ ವಿರುದ್ಧವೆಂದು ರದ್ದುಪಡಿಸಿತು. ಇನ್ನೊಂದು ಪ್ರಕರಣವು ಕನ್ನಡಿಗರಾದ ನಮ್ಮ ಎದೆಯನ್ನು ಚುಚ್ಚತಕ್ಕದ್ದು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಭೀತಿಯಿಂದ ಕರ್ನಾಟಕವು ತಲಪಾಡಿಯಲ್ಲಿಯೂ ಕಾಸರಗೋಡಿನ ಇತರ ದಾರಿಗಳಲ್ಲಿಯೂ ಸಂಚಾರವನ್ನು ತಡೆದು, ಕೆಲವೆಡೆ ಮಣ್ಣು ಸುರಿದು ರಸ್ತೆಯನ್ನೇ ಮುಚ್ಚಿತು. ತಲೆಮಾರುಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡು ಮಂಜೇಶ್ವರಗಳ ರೋಗಿಗಳು, ಅವರಲ್ಲಿ ಎಷ್ಟೋ ಮಂದಿ ಕನ್ನಡಿಗರು ತುಳುವರು, ಕನ್ನಡದ ರಾಜ್ಯದ ಬಾಗಿಲಿನಲ್ಲಿಯೇ ತಡೆಯಲ್ಪಟ್ಟರು. ಚಿಕಿತ್ಸೆ ಸಿಗದೆ ಕೆಲವರು ಪ್ರಾಣ ಬಿಟ್ಟರೆಂದು ಕೇರಳವು ದೂರಿತು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ದಾರಿ ತೆರೆಸಬೇಕೆಂದು ಕೇಂದ್ರಕ್ಕೆ ಆಜ್ಞಾಪಿಸಿತು. ಕರ್ನಾಟಕವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ 7ರ ಹೊತ್ತಿಗೆ ರೋಗಿಗಳನ್ನು ಬಿಡುವ ಕ್ರಮವೊಂದು ಒಪ್ಪಿತವಾಯಿತೆಂದು ಅಲ್ಲಿ ತಿಳಿಸಿ ವ್ಯಾಜ್ಯ ಮುಗಿಯಿತು. ವಾರದ ಕೊನೆಗೆ ಸಾಧ್ಯವಾದ ಒಪ್ಪಂದವು ವಾರದ ಮೊದಲು ಏಕೆ ಸಾಧ್ಯವಾಗಲಿಲ್ಲವೆಂಬುದಕ್ಕೆ ಆ ಮೃತರ ಮನೆಯವರಿಗೆ ಯಾರು ಉತ್ತರ ಹೇಳುವರು?

ಅಂತಹ ಒಪ್ಪಂದವನ್ನು ವಿಪತ್ತು ಬರುವ ಮೊದಲೇ ಮಾಡಿಕೊಳ್ಳಿರೆಂಬುದು ನನ್ನ ಪ್ರಾರ್ಥನೆ. ಗಡಿಗೆ ತಾಗಿದ ತಾಲೂಕುಗಳನ್ನು ಎರಡೂ ಸರ್ಕಾರಗಳು ಪರಸ್ಪರ ಗುರುತಿಸಿ, ಅಲ್ಲಿಯ ಯಾವ ನಿವಾಸಿಯೇ ಆಗಲಿ, ಅವನ ಮನೆಮಾತು ಯಾವುದೆಂದು ಕೇಳದೆ, ಎರಡು ರಾಜ್ಯಗಳ ನೋಂದಾಯಿತ ದವಾಖಾನೆಗಳಲ್ಲಿ ಹತ್ತಿರವಾದುದಕ್ಕೆ ತನ್ನ ರಾಜ್ಯದ ಕಾರ್ಡನ್ನೇ ಹಿಡಿದು ಹೋಗಬಹುದೆಂದು ನಿಯಮ ಮಾಡಲಿ. ಹಣದ ಲೆಕ್ಕವನ್ನು ಸರ್ಕಾರಗಳು ಆಮೇಲೆ ತಮ್ಮೊಳಗೆ ತೀರಿಸಿಕೊಳ್ಳಲಿ. ಕಲಬುರಗಿ, ಬೀದರ, ಲಾತೂರು, ಸೊಲ್ಲಾಪುರಗಳಲ್ಲಿ ಎರಡೂ ನುಡಿ ಬಲ್ಲ ಆರೋಗ್ಯಮಿತ್ರರನ್ನು ನೇಮಿಸಲಿ. ದರಗಳು ಎರಡೂ ಕಡೆ ಒಂದೇ ಅಲ್ಲವೆಂದೂ, ಮೋಸಕ್ಕೆ ಎಡೆಯಾಗುವುದೆಂದೂ ಅಧಿಕಾರಿಗಳು ಆಕ್ಷೇಪಿಸಬಹುದು. ಕೇಂದ್ರದ ಕಾರ್ಡಿನವರಿಗಾಗಿ ಅಂತರರಾಜ್ಯ ಪಾವತಿಯ ವ್ಯವಸ್ಥೆಯು 2018ರಿಂದಲೇ ನಡೆಯುತ್ತಿರುವಾಗ, ಅದೇ ವ್ಯವಸ್ಥೆಯನ್ನು ಕೆಲವು ತಾಲೂಕುಗಳ ರಾಜ್ಯ ಕಾರ್ಡಿಗೆ ವಿಸ್ತರಿಸುವುದರಲ್ಲಿ ದಾಟಲಾಗದ ಕಷ್ಟವೇನೂ ನನಗೆ ಕಾಣುವುದಿಲ್ಲ. ಹೊರಗಿನವರು ಬಂದು ನಮ್ಮ ಹಾಸಿಗೆಗಳನ್ನು ತುಂಬಿದರೆ ನಮ್ಮವರಿಗೆಲ್ಲಿ ಎಡೆ ಎಂಬ ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ಅದಕ್ಕೆ ಪರಿಹಾರವು ಗಡಿ ಜಿಲ್ಲೆಗಳ ಸರ್ಕಾರಿ ದವಾಖಾನೆಗಳನ್ನು ಬೆಳೆಸುವುದೇ ಹೊರತು ರೋಗಿಯನ್ನು ತಿರುಗಿ ಕಳುಹಿಸುವುದಲ್ಲ.

ಇದನ್ನು ಚರ್ಚಿಸಲು ವೇದಿಕೆಯು ಯಾವುದು? 1956ರ ರಾಜ್ಯ ಪುನರ್ವಿಂಗಡಣೆಯ ಕಾಯಿದೆಯು ನೆರೆಹೊರೆಯ ರಾಜ್ಯಗಳು ಕೂಡಿ ಮಾತನಾಡಲೆಂದು ವಲಯ ಪರಿಷತ್ತುಗಳನ್ನು ರಚಿಸಿತಾದರೂ, ಕರ್ನಾಟಕವು ದಕ್ಷಿಣ ವಲಯದಲ್ಲಿಯೂ ಮಹಾರಾಷ್ಟ್ರವು ಪಶ್ಚಿಮ ವಲಯದಲ್ಲಿಯೂ ಇರುವುದರಿಂದ ಈ ಎರಡು ನೆರೆಯವರು ಅಲ್ಲಿ ಎದುರುಬದುರಾಗಿ ಕೂಡುವುದಿಲ್ಲ. ಆದರೆ 2022ರ ಡಿಸೆಂಬರ್ 14ರಂದು ಕೇಂದ್ರದ ಗೃಹಸಚಿವರಾದ ಅಮಿತ್ ಶಾ ಅವರು ಎರಡೂ ಮುಖ್ಯಮಂತ್ರಿಗಳನ್ನು ದೆಹಲಿಗೆ ಕರೆಸಿ, ಸರ್ವೋಚ್ಚ ನ್ಯಾಯಾಲಯದ ತೀರ್ಪು ಬರುವವರೆಗೆ ಗಡಿಜನರ ದಿನನಿತ್ಯದ ತೊಂದರೆಗಳನ್ನು ಪರಿಹರಿಸಲು ಒಂದೊಂದು ರಾಜ್ಯದಿಂದ ಮೂವರಂತೆ ಆರು ಮಂತ್ರಿಗಳ ಸಮಿತಿಯಾಗಬೇಕೆಂದು ನಿಶ್ಚಯಿಸಿದರು. ಗಡಿಯ ಜನರಿಗೆ ರೋಗಕ್ಕಿಂತ ಹೆಚ್ಚಿನ ದಿನನಿತ್ಯದ ತೊಂದರೆ ಬೇರೊಂದಿಲ್ಲ. ಆ ಆರು ಮಂತ್ರಿಗಳ ಸ್ಥಾನದಲ್ಲಿ ಇಂದು ಯಾರೇ ಇರಲಿ, ಅವರು ಕೂಡಿ ಕುಳಿತು, ಸೀಮೆಯ ದಾವೆಯನ್ನು ನ್ಯಾಯಾಲಯಕ್ಕೆ ಬಿಟ್ಟು, ರೋಗಿಯ ಕಾರ್ಡಿನ ವಿಷಯವನ್ನು ತಮ್ಮ ಮೊದಲನೆಯ ಸಭೆಯಲ್ಲಿ ಮೊದಲನೆಯ ವಿಷಯವಾಗಿ ಎತ್ತಿಕೊಳ್ಳಬೇಕೆಂದು ಉಮರ್ಗಾ, ನಿಲಂಗಾ, ಉದಗೀರಗಳ ಕನ್ನಡಿಗರ ಪರವಾಗಿ, ಹಾಗೆಯೇ ನಮ್ಮ ಮರಾಠಿ ನೆರೆಹೊರೆಯವರ ಪರವಾಗಿಯೂ ವಿನಂತಿಸಿಕೊಳ್ಳುತ್ತೇನೆ.